ಅತ್ತೆ, ಮಾರಿಯನ್ ಮತ್ತು ಕಪ್ಪು ಅಕ್ರೋಟು

ಹಾಲಿನ ಬಾಟಲಿಯ ಮೇಲೆ ಅಚ್ಚಾದ ತಾರೀಕನ್ನು ನಂಬಿ ನೇರವಾಗಿ ಕಾಫಿಗೆ ಹಾಲು ಸುರಿದುಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎಂಥ ನೆಮ್ಮದಿಯ ಜೀವಗಳು! ನಾನು ಮೊದಲು ಮೂಸುತ್ತೇನೆ. ಆಮೇಲೆ ಒಂದು ಸೌಟು ಬಿಸಿ ಮಾಡಿ ಒಡೆಯುತ್ತದೆಯೇ ನೋಡುತ್ತೇನೆ. ಬೀಗ ಹಾಕಿದ ಬಾಗಿಲನ್ನು ಎಳೆದು ನೋಡಿ, ಕಾರಿನ ತನಕ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಎಳೆಯುತ್ತೇನೆ. ಇಷ್ಟು ಸಾಲದೆಂಬಂತೆ ನನಗೆ ಒದಗಿದ ಕೆಲಸವೂ ಅಂಥದ್ದೇ. ನಾನು ಫಾರ್ಮಸಿಸ್ಟು. ನಾಟಿಂಗ್‌ಹ್ಯಾಮಿನ ಬೀಸ್ಟನ್ನಿನಲ್ಲಿ ಒಂದು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು, ಡಾಕ್ಟರು ಬರೆದದ್ದು ಸರಿಯೇ, ರೋಗಿ ಹೇಳುತ್ತಿರುವುದು ನಿಜವೇ, ಡಬ್ಬಿಯೊಳಗಿರುವುದು ಲೇಬಲ್ಲಿನಲ್ಲಿರುವುದೇ ಎಂದು ದಿನವಿಡೀ ಶಂಕಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲಾದರೂ ಆ ಗುಣವನ್ನು ಕೋಟಿನ ಜೊತೆ ಗೂಟಕ್ಕೆ ನೇತುಹಾಕು ಎಂದು ನನ್ನ ಗಂಡ ಸುಧಾಕರ ಹೇಳುತ್ತಲೇ ಇರುತ್ತಾನೆ. ಹೇಳುತ್ತಾ ಯಾಕೆ ನಗುತ್ತಾನೆ ಎಂಬುದು ನನ್ನ ಇನ್ನೊಂದು ಅನುಮಾನ.

ಈ ಗುಣ ಹುಟ್ಟಿದ ಜಾಗ ನನಗೆ ಚೆನ್ನಾಗಿ ಗೊತ್ತು. ಹಾಸನದ ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬ ಔಷಧಿಯವನು ಚಾಪೆ ಹಾಸಿ ಕೂರುತ್ತಿದ್ದ. ಅವನ ಮುಂದೆ ಗಾಜಿನ ದೊಡ್ಡ ಜಾಡಿ, ಅದರ ತುಂಬ ಬೆಳ್ಳಗೆ, ಉದ್ದುದ್ದಕ್ಕೆ ಸುತ್ತಿಕೊಂಡ ಹುಳುಗಳು. "ಇವು ನಿಮ್ಮಂಥ ಮಕ್ಕಳ ಹೊಟ್ಟೆಯಿಂದಲೇ ಬಂದವು" ಎಂದು ಅವನು ನನ್ನನ್ನೇ ನೋಡಿ ಹೇಳುತ್ತಿದ್ದ. ನಾನು ಅಂದಿನಿಂದ ಊಟ ಬಿಟ್ಟೆ. ಹುಳುಗಳಿಗೆ ನಾನೇಕೆ ಅನ್ನ ಹಾಕಬೇಕು? ಅಮ್ಮ ಹರಳೆಣ್ಣೆ ಕುಡಿಸಿದಳು, ಅಜ್ಜಿ ಅಳಲೆಕಾಯಿ ತೇಯ್ದು ನೆಕ್ಕಿಸಿದಳು. ಕೊನೆಗೆ ಅಪ್ಪ ಕೈಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು, ಜಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಸರಿಯಾಗಿ ನೋಡು, ಅದು ಶಾವಿಗೆ ಕಣೇ" ಎಂದರು. ನೋಡಿದೆ. ಶಾವಿಗೆಯೇ. ಆ ಮಧ್ಯಾಹ್ನ ಎರಡು ತಟ್ಟೆ ಅನ್ನ ತಿಂದೆ. ಆಮೇಲೆ ಯಾವ ಬಾಟಲಿಯನ್ನೂ ನಂಬಲಿಲ್ಲ. ಶಾವಿಗೆ ಪಾಯಸವನ್ನೂ ಬಹಳ ಕಾಲ ನಂಬಲಿಲ್ಲ.

ಇಂಥ ನನ್ನ ಮನೆಗೆ ಹೋದ ಬೇಸಿಗೆಯ ಕೊನೆಯಲ್ಲಿ ನನ್ನ ಅತ್ತೆ ವಿಸಿಟರ್ ವೀಸಾದ ಮೇಲೆ ಬಂದರು. ಅತ್ತೆ ಮೂಡುಬಿದಿರೆಯವರು. ಮಗನ ಜೊತೆ ತುಳು, ನನ್ನ ಜೊತೆ ಕನ್ನಡ, ಮೊಮ್ಮಗಳ ಜೊತೆ ಎರಡನ್ನೂ ಬಳಸುತ್ತಾರೆ. ಮೊಮ್ಮಗಳು ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಬಾರದು ಎಂಬ ಸಂಕೋಚವೂ ಇಲ್ಲ. ನಾವೆಲ್ಲ ಹೊರಟ ಮೇಲೆ ಅವರು ಸ್ವೆಟರು, ಶಾಲು, ಸುಧಾಕರನ ಹಳೇ ಶೂ ಹಾಕಿಕೊಂಡು ಹತ್ತಿರದ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದರು. ಯಾವುದೋ ಕಾಲದ ಸಾಹುಕಾರನ ಬಂಗಲೆಯ ತೋಟವದು. ಈಗ ಕೌನ್ಸಿಲ್ಲಿನದು, ಅಂದರೆ ಇಲ್ಲಿಯ ನಗರಸಭೆಯದು.

ಅಕ್ಟೋಬರಿನ ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಅತ್ತೆಯ ಹತ್ತೂ ಬೆರಳು ಕಪ್ಪು. ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ, ಹಳೇ ಕಾಫಿ ಡಿಕಾಕ್ಷನ್ನಿನ ಬಣ್ಣ.

"ಅತ್ತೆ, ಏನಿದು?"

"ಅಕ್ರೋಟು ಮಾರಾಯ್ತಿ. ಆ ಪಾರ್ಕಲ್ಲಿ ದೊಡ್ಡ ಮರ ಉಂಟು. ಕಾಯಿ ಎಲ್ಲ ಸುಮ್ಮನೆ ಬಿದ್ದು ಹಾಳಾಗ್ತಾ ಉಂಟು."

ಸಿಂಕಿನ ಕೆಳಗೆ ಒಂದು ಚೀಲ. ಅದರಲ್ಲಿ ದೊಡ್ಡ ನಿಂಬೆಗಾತ್ರದ, ಹಸಿರು ಕಪ್ಪಾಗಿ ಮೆತ್ತಗಾಗುತ್ತಿದ್ದ ಉರುಟು ಕಾಯಿಗಳು. ಮೂಸಿದೆ. ಸಿಪ್ಪೆಗೆ ನಿಂಬೆಸೊಪ್ಪು, ಫಿನಾಯಿಲು ಎರಡೂ ಸೇರಿದಂಥ ವಾಸನೆ. ನಾನು ಕಂಡ ಅಕ್ರೋಟು ಪ್ಯಾಕೆಟ್ಟಿನಲ್ಲಿ ಬೆಳ್ಳಗೆ ಮಿದುಳಿನ ಹಾಗೆ ಕೂತಿರುತ್ತದೆ. ಇದು ಅದಲ್ಲ.

"ಇದು ತಿನ್ನೋದು ಅಂತ ಯಾರು ಹೇಳಿದ್ದು?"

"ಅಳಿಲು ತಿನ್ತದೆ."

"ಅಳಿಲು ಏನೇನೋ ತಿನ್ನುತ್ತೆ ಅತ್ತೆ."

"ಮಾರಿಯನ್ ಸಹ ತಿನ್ನುವುದು ಅಂತ ಹೇಳಿದ್ಲು. ಕೈಯಲ್ಲಿ ತೋರಿಸಿ ಹೇಳಿದ್ಲು."

ಮಾರಿಯನ್ ಎಂಬ ಹೆಸರನ್ನು ನಾನು ಕೇಳಿದ್ದು ಆಗಲೇ ಮೊದಲು. (ಹೆಸರು ಬದಲಿಸಿದ್ದೇನೆ, ಬರೆಯಲು ಆಕೆಯ ಒಪ್ಪಿಗೆಯೂ ಇದೆ. ನನ್ನಂಥವಳು ಅಷ್ಟು ಎಚ್ಚರವಿಲ್ಲದೆ ಬರೆದೇನೇ?) ಬಹಳ ವರ್ಷ ಸಿಟಿ ಬಸ್ ಓಡಿಸಿ ರಿಟೈರ್ ಆದ, ಎತ್ತರದ, ಒಂಟಿ ಹೆಂಗಸು. ನಮ್ಮ ಹಿಂದಿನ ರಸ್ತೆಯಲ್ಲಿ ಮನೆ. ಕಾಡುಸೊಪ್ಪು, ಕಾಡುಹಣ್ಣು ಹುಡುಕಿ ತಿನ್ನುವ ಒಂದು ಗುಂಪಿನ ಜೊತೆ ಓಡಾಡಿ ಗಿಡಮೂಲಿಕೆ ಕಲಿತವಳು. ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲದ ಈ ಹೆಂಗಸರು ಮರದ ಬುಡದಲ್ಲಿ ಜೊತೆಯಾಗಿ ಕಾಯಿ ಆರಿಸುತ್ತಿದ್ದರಂತೆ.

"ಅವಳು ನನ್ನನ್ನು 'ಡಕ್' ಅಂತ ಕರೀತಾಳೆ. ಡಕ್ ಅಂದ್ರೆ ಬಾತುಕೋಳಿ ಅಲ್ವಾ?" ಎಂದು ಅತ್ತೆ ಕೇಳಿದರು.

ಈ ಕಡೆ ಅದು ಪ್ರೀತಿಯ ಮಾತು, ಬಸ್ಸಿನಲ್ಲಿ ಟಿಕೆಟ್ ಕೊಡುವವರೂ ಹಾಗೇ ಕರೆಯುತ್ತಾರೆ ಎಂದು ವಿವರಿಸಿದೆ. ಬಾಯಿ ಹಾಗೆ ವಿವರಿಸುತ್ತಿದ್ದರೂ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ಊರು ಕಾಣದ ಮುದುಕಿಯನ್ನು ಈಕೆ ಯಾಕೆ ಗೆಳತಿ ಮಾಡಿಕೊಂಡಳು? ಚರ್ಚಿಗೆ ಕರೆಯುವುದಕ್ಕೋ? ಅತ್ತೆಯ ಕೈಬಳೆ ನೋಡಿಯೋ? ಕೌನ್ಸಿಲ್ ಪಾರ್ಕಿನ ಕಾಯಿ ಎತ್ತುವುದು ತಪ್ಪಾದರೆ ಸಿಕ್ಕಿಬೀಳುವುದು ವಿಸಿಟರ್ ವೀಸಾದವರೇ ಅಲ್ಲವೇ?

ಸುಧಾಕರನಿಗೆ ಹೇಳಿದೆ. ಅವನು ಡರ್ಬಿಯ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರು. ನನ್ನ ಭಯವನ್ನೆಲ್ಲ ಕೇಳಿಸಿಕೊಂಡು, ಒಂದು ಕಾಯನ್ನು ಕೈಯಲ್ಲಿ ತೂಗಿ ನೋಡಿ, "ಇದರ ಚಿಪ್ಪು ಸುತ್ತಿಗೆಗೂ ಒಡೆಯಲ್ವಂತೆ. ಗ್ಯಾರೇಜಿನ ವೈಸ್‌ಗೆ ಹಾಕಿ ಬಿಗಿದು ನೋಡ್ಬೇಕು" ಎಂದ. ಅಷ್ಟೇ. ಆಮೇಲೆ ಎಲ್ಲ ಶನಿವಾರ ತಾಯಿ ಮಗ ಗ್ಯಾರೇಜಿನಲ್ಲಿ. ಶೂಗಾಲಿನಿಂದ ಹೊಸಕಿ ಸಿಪ್ಪೆ ಬಿಡಿಸುವುದು, ಬಕೆಟ್ ನೀರಿಗೆ ಹಾಕಿ ತೇಲಿದ್ದನ್ನು ಎಸೆದು ಮುಳುಗಿದ್ದನ್ನು ಉಳಿಸಿಕೊಳ್ಳುವುದು, ಈರುಳ್ಳಿಯ ಬಲೆಚೀಲದಲ್ಲಿ ತುಂಬಿ ಒಣಗಲು ನೇತುಹಾಕುವುದು. ನಾನು ಅತ್ತೆಗೆ ರಬ್ಬರ್ ಗ್ಲವ್ಸ್ ಕೊಟ್ಟೆ. "ಗೇರುಬೀಜದ ಸೊನೆ ಕಂಡ ಕೈ ಇದು. ಇದೆಲ್ಲ ಎಂತ ಲೆಕ್ಕ" ಎಂದು ಅವರು ಗ್ಲವ್ಸನ್ನು ಪಾತ್ರೆ ತೊಳೆಯುವ ಜಾಗಕ್ಕೆ ಕಳಿಸಿದರು.

ಒಣಗಿದ ಮೇಲೆ ಒಡೆದರೆ ಒಳಗೆ ಕಿರುಬೆರಳಿನ ತುದಿಯಷ್ಟು ತಿರುಳು. ಅದನ್ನು ಗುಂಡುಸೂಜಿಯಲ್ಲಿ ಎಬ್ಬಿಸಿ ತೆಗೆಯಬೇಕು. ಮನೆಯವರೆಲ್ಲ ತಿಂದರು. ನಾನು ಅವರನ್ನು ಮರುದಿನದ ತನಕ ಗಮನಿಸಿ, ಯಾರಿಗೂ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಪ್ಯಾಕೆಟ್ ಅಕ್ರೋಟಿನ ಸಪ್ಪೆತನ ಇಲ್ಲವೇ ಇಲ್ಲ. ಹಳೇ ಬೆಲ್ಲದ ಹಾಗೆ, ಹೊಗೆಯ ಹಾಗೆ, ಮೂಗಿಗೆ ಏರುವ ಒಂದು ಘಮ. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಆದರೆ ಅತ್ತೆ ಅದಕ್ಕೆ ತೆಂಗಿನತುರಿ, ಬೆಲ್ಲ, ಏಲಕ್ಕಿ ಹಾಕಿ ಬರ್ಫಿ ಮಾಡಿದಾಗ ಡಬ್ಬಿಯ ಸುತ್ತ ನಾನೇ ಹೆಚ್ಚು ಓಡಾಡಿದೆ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಒಂದು ದಿನ ಅತ್ತೆಯ ದಿಂಬಿನ ಪಕ್ಕದಲ್ಲಿ ಒಂದು ಪುಟ್ಟ ಕಂದು ಬಾಟಲಿ ಕಂಡೆ. ಡ್ರಾಪರ್ ಇರುವ ಮುಚ್ಚಳ. ಲೇಬಲ್ ಇಲ್ಲ. ಒಳಗೆ ಕಪ್ಪು ನೀರು, ಮೂಸಿದರೆ ವೋಡ್ಕಾ.

"ಅತ್ತೆ, ಇದನ್ನ ಕುಡಿದ್ರಾ?"

"ಇಲ್ಲ. ಮಾರಿಯನ್ ಕೊಟ್ಲು. ಫೋನಲ್ಲಿ ಚಿತ್ರ ತೋರಿಸಿ ಹೇಳಿದ್ಲು. ಸಿಪ್ಪೆಯನ್ನು ಬಾಟ್ಲಿಯಲ್ಲಿ ನೆನೆ ಹಾಕಿ ಮಾಡುವುದಂತೆ. ಹೊಟ್ಟೆಯ ಹುಳಕ್ಕೆ, ಹುಳುಕಡ್ಡಿಗೆ, ಎಲ್ಲದಕ್ಕೂ ಆಗ್ತದಂತೆ."

"ಕುಡಿದಿಲ್ಲ ತಾನೇ? ನಿಮ್ಮ ಬಿಪಿ ಮಾತ್ರೆ ಜೊತೆ ಇದು ಏನು ಮಾಡುತ್ತೆ ಅಂತ ಯಾರಿಗೂ ಗೊತ್ತಿಲ್ಲ."

"ಕಾಲಿಗೆ ಹಚ್ಚಿದ್ದು ಮಾತ್ರ," ಎಂದು ಅತ್ತೆ ಕಾಲ್ಬೆರಳ ಸಂದಿಯ ಕಪ್ಪು ಕಲೆ ತೋರಿಸಿದರು. ತೋರಿಸುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ಹಚ್ಚಿದ್ದು ಮಾತ್ರವೇ ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ.

ನನ್ನ ಹಾಸನದ ಬಸ್‌ಸ್ಟ್ಯಾಂಡು ಬೀಸ್ಟನ್ನಿಗೆ ಬಂದು ಚಾಪೆ ಹಾಸಿತ್ತು. ಎಲ್ಲದಕ್ಕೂ ಆಗುವ ಔಷಧಿ ಯಾವುದಕ್ಕೂ ಆಗುವುದಿಲ್ಲ ಎಂಬುದು ನನ್ನ ಕಸುಬಿನ ಮೊದಲ ಪಾಠ. ಆ ಭಾನುವಾರ ಮಾರಿಯನ್ನಳನ್ನು ಚಹಾಕ್ಕೆ ಕರೆಸಿದೆ. ಆತಿಥ್ಯ ನೆಪಕ್ಕೆ, ನಿಜಕ್ಕೂ ವಿಚಾರಣೆಗೇ ಕರೆಸಿದ್ದು.

ಬಂದಳು. ಬೆಳ್ಳಗಿನ ಮುಖ, ದೊಗಳೆ ಕೋಟು, ಕಪ್ಪು ಬೆರಳು. ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಿ ನಿಂತು ಉಸಿರು ತೆಗೆದುಕೊಂಡಳು. ಅತ್ತೆ ಬರ್ಫಿಯ ತಟ್ಟೆ ಮುಂದಿಟ್ಟರು. ಮಾರಿಯನ್ ಒಂದು ತುಂಡು ತೆಗೆದುಕೊಂಡು, ಮೂಸಿ, ಬಹಳ ಹೊಗಳಿ, ತಟ್ಟೆಯ ಅಂಚಿನಲ್ಲಿ ಇಟ್ಟಳು. ಹರಟಿದಳು. ಇದು ಕಪ್ಪು ಅಕ್ರೋಟು ಎಂಬ ಬೇರೆಯೇ ಜಾತಿ, ಮರ ಅಮೆರಿಕದಿಂದ ತಂದು ನೆಟ್ಟದ್ದು, ಅದರ ಬುಡದಲ್ಲಿ ಟೊಮ್ಯಾಟೊ ಬದುಕುವುದಿಲ್ಲ, ಎಲೆಯುದುರಿದ ಮೇಲೆ ಹುಡುಕಿದರೆ ಇನ್ನೂ ಕಾಯಿ ಸಿಗುತ್ತದೆ ಎಂದೆಲ್ಲ ಹೇಳಿದಳು. ಹೋಗುವಾಗ ಬರ್ಫಿ ಅಲ್ಲೇ ಇತ್ತು.

ಬಾಗಿಲು ಹಾಕಿದ್ದೇ ತಡ ನಾನು ಗಂಡನ ಕಡೆ ತಿರುಗಿದೆ. "ನೋಡಿದ್ಯಾ? ತಾನು ಆರಿಸಿದ ಕಾಯಿ ತಾನೇ ತಿನ್ನಲ್ಲ. ಇದರಲ್ಲಿ ಏನೋ ಇದೆ ಅಂತ ಅವಳಿಗೆ ಗೊತ್ತು."

"ಅಥವಾ ನಿನ್ನ ಮುಖ ನೋಡಿ ಗಂಟಲಲ್ಲಿ ಇಳೀಲಿಲ್ಲ," ಎಂದ ಸುಧಾಕರ.

ಅತ್ತೆ ಮಾತ್ರ ತಟ್ಟೆ ಎತ್ತುತ್ತಾ, "ಅವಳು ಎಂತದೂ ತಿನ್ನುವುದಿಲ್ಲ. ಪಾರ್ಕಲ್ಲಿ ನಾನು ಚಪಾತಿ ಕೊಟ್ರೆ ಕಿಸೆಗೆ ಹಾಕ್ತಾಳೆ. ಆಮೇಲೆ ಹಕ್ಕಿಗೆ ಹಾಕುವುದು ನಾನು ಕಂಡಿದ್ದೇನೆ. ಅವಳ ಬೆಲ್ಟು ನೋಡಿದ್ಯಾ? ಹೊಸ ತೂತು ಮಾಡಿದ್ದಾಳೆ," ಎಂದರು.

ನಾನು ಬೆಲ್ಟು ನೋಡಿರಲಿಲ್ಲ. ನಾನು ಬಾಟಲಿಗಳನ್ನು ನೋಡುವವಳು. ಆದರೆ ಆ ಮಾತು ಕಿವಿಯಲ್ಲಿ ಕೂತಿತು. ಮರುದಿನ ಕೌಂಟರಿನಲ್ಲಿ ಯಾರಿಗೋ ಕಬ್ಬಿಣದ ಮಾತ್ರೆ ಎಣಿಸಿ ಕೊಡುತ್ತಿದ್ದಾಗ, ಮೂರು ಮೆಟ್ಟಿಲಿಗೇ ನಿಂತು ಉಸಿರೆಳೆದ ಆ ಬಿಳಿಚಿದ ಮುಖ ನೆನಪಾಯಿತು. ಇಂಗ್ಲಿಷರ ಮುಖ ಬೆಳ್ಳಗೇ ಇರುತ್ತದಲ್ಲ ಎಂದು ನಾನು ಅದನ್ನು ಪರಿಶೀಲಿಸಿಯೇ ಇರಲಿಲ್ಲ. ಆಕೆಯ ತುಟಿ ಕೂಡ ಬೆಳ್ಳಗಿತ್ತು.

ಸಂಜೆ ಅತ್ತೆಯನ್ನು ಕರೆದುಕೊಂಡು, ಬಾಟಲಿ ವಾಪಸು ಕೊಡುವ ನೆಪ ಹಿಡಿದು ಮಾರಿಯನ್ನಳ ಮನೆಗೆ ಹೋದೆ. ಅಡುಗೆಮನೆಯ ಕಿಟಕಿಯ ಬಳಿ ದೊಡ್ಡ ಜಾಡಿಗಳಲ್ಲಿ ಕಪ್ಪು ಸಿಪ್ಪೆ ನೆನೆಯುತ್ತಿತ್ತು.

"ಇದನ್ನ ನೀವೂ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದೆ.

"ದಿನಾ. ಬೇಸಿಗೆಯಿಂದ. ಹೋದ ವರ್ಷದ ಸಿಪ್ಪೆಯದು."

"ಯಾತಕ್ಕೆ?"

"ಹೊಟ್ಟೆಗೆ. ಒಳಗೆ ಏನೋ ಹುಳು ಸೇರಿಕೊಂಡಿದೆ ಡಕ್. ತಿಂದದ್ದು ಮೈಗೆ ಹತ್ತುತ್ತಿಲ್ಲ, ಸುಸ್ತು, ಸಂಕಟ."

"ಔಷಧಿಯಿಂದ ಗುಣ ಕಾಣುತ್ತಿದೆಯಾ?"

"ಕೆಲಸ ಮಾಡುತ್ತಿದೆ ಅನಿಸುತ್ತೆ," ಎಂದಳು. ಆಮೇಲೆ ಸ್ವಲ್ಪ ನಾಚಿ, ದನಿ ತಗ್ಗಿಸಿ, "ಹೊರಗೆ ಹೋಗುವುದೆಲ್ಲ ಕಪ್ಪಾಗಿ ಹೋಗುತ್ತೆ. ಈ ಅಕ್ರೋಟು ಮುಟ್ಟಿದ್ದೆಲ್ಲ ಕಪ್ಪು ಮಾಡುತ್ತಲ್ಲ," ಎಂದು ತನ್ನ ಬೆರಳುಗಳನ್ನು ತೋರಿಸಿ ನಕ್ಕಳು.

ನನಗೆ ನಗು ಬರಲಿಲ್ಲ.  ಕೆಲವು ಹನಿ ಕಷಾಯಕ್ಕೆ ಒಂದು ಇಡೀ ಹೊಟ್ಟೆಯನ್ನು ಕಪ್ಪು ಮಾಡುವ ಶಕ್ತಿ ಇರುವುದಿಲ್ಲ. ಒಳಗೇ ಸೋರುವ ರಕ್ತಕ್ಕೆ ಇರುತ್ತದೆ. ಬಿಳಿ ತುಟಿ, ಏದುಸಿರು, ಬೆಲ್ಟಿನ ಹೊಸ ತೂತು, ಮುಟ್ಟದ ಬರ್ಫಿ. ನಾನು ಬಾಟಲಿಯೊಳಗೆ ವಿಷ ಹುಡುಕುತ್ತಿದ್ದೆ. ಆ ಬಾಟಲಿ ಮಾಡುತ್ತಿದ್ದ ಕೇಡು ಬೇರೆಯೇ ಇತ್ತು. ಅದು ಆಕೆಗೆ ಸಮಾಧಾನ ಹೇಳುತ್ತಿತ್ತು.

"ಮಾರಿಯನ್, ನಾಳೆ ಬೆಳಿಗ್ಗೆಯೇ ನಿಮ್ಮ ಡಾಕ್ಟರಿಗೆ, ಜಿಪಿಗೆ ಫೋನ್ ಮಾಡಿ. ನನಗೆ ಹೇಳಿದ್ದನ್ನೇ ಹೇಳಿ. ಕಪ್ಪು ಅನ್ನುವುದನ್ನ ಮರೆಯಬೇಡಿ."

ಅವಳ ಮುಖ ಬದಲಾಯಿತು. "ನೀನು ಔಷಧಿ ಅಂಗಡಿಯವಳು. ಮಾತ್ರೆ ಮಾರುವವರು ಗಿಡಮೂಲಿಕೆಯನ್ನು ಹೊಗಳುತ್ತೀರಾ? ನಿನ್ನೆ ಚಹಾಕ್ಕೆ ಕರೆದದ್ದೂ ಇದಕ್ಕೇ ಇರಬೇಕು. ನಾನು ಅಂದುಕೊಂಡೆ, ಈ ಹುಡುಗಿ ಯಾಕೆ ನನ್ನ ಕೈಯನ್ನೇ ನೋಡುತ್ತಾಳೆ ಅಂತ."

 ಅವಳ ಸಂಶಯ ನೂರಕ್ಕೆ ನೂರು ಸರಿಯಾಗಿತ್ತು. ನನ್ನಷ್ಟೇ ಶಂಕೆಯ ಇನ್ನೊಂದು ಜೀವವನ್ನು ನಾನು ಮೊದಲ ಸಲ ಎದುರಿಸುತ್ತಿದ್ದೆ. ಅಂಥವರನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ವಿವರಿಸಿದೆ, ಬೇಡಿಕೊಂಡೆ. ಅವಳು ಕೈಕಟ್ಟಿ ಕೂತಳು.

ಅತ್ತೆ ಇಷ್ಟು ಹೊತ್ತೂ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದರು. "ಎಂತ ಹೇಳ್ತಾಳೆ?" ಎಂದರು.

ಹೇಳಿದೆ. ಕಪ್ಪಿನ ವಿಷಯವನ್ನೂ ಹೇಳಿದೆ.

ಅತ್ತೆ ಎದ್ದರು. ಮಾರಿಯನ್ ದಿನಾ ಬಳಸುತ್ತಿದ್ದ ಬಾಟಲಿ ಸಿಂಕಿನ ಪಕ್ಕದಲ್ಲಿತ್ತು. ಅದನ್ನು ತೆಗೆದು, ಮುಚ್ಚಳ ತಿರುಗಿಸಿ, ಬಿಳಿ ಸಿಂಕಿಗೆ ಪೂರ್ತಿ ಸುರಿದುಬಿಟ್ಟರು. ಮಾರಿಯನ್ ಅರ್ಧ ಎದ್ದು ಹಾಗೇ ನಿಂತಳು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಬೇರೆಯವರ ಮನೆ, ಬೇರೆಯವರ ಔಷಧಿ! ಅತ್ತೆ ಖಾಲಿ ಬಾಟಲಿಯನ್ನು ಮೇಜಿನ ಮೇಲಿಟ್ಟು, ಮಾರಿಯನ್ನಳ ಎರಡೂ ಕೈ ಹಿಡಿದುಕೊಂಡು, ಅವಳಿಗೆ ಅರ್ಥವಾಗುತ್ತದೆ ಎಂಬ ಪೂರ್ಣ ನಂಬಿಕೆಯಿಂದ ಕನ್ನಡದಲ್ಲೇ ಹೇಳಿದರು.

"ನೋಡು, ಕಾಯಿ ಆರಿಸುವಾಗ ನಾನು ನಿನ್ನ ಮಾತು ಕೇಳಿದ್ದೇನಾ ಇಲ್ವಾ? ಈಗ ನೀನು ನಮ್ಮದು ಕೇಳು."

 ಮಾರಿಯನ್ ನನ್ನ ಕಡೆ ನೋಡದೆ ಕೇಳಿದಳು. "ಈಕೆಗೆ ಹೆದರಿಕೆಯಾಗಿದೆಯಾ?"

"ಹೌದು," ಎಂದೆ. "ನನಗೂ."

"ನನಗೆ ಬೇಸಿಗೆಯಿಂದಲೇ ಆಗಿದೆ ಡಕ್," ಎಂದು ಅವಳು ಕುರ್ಚಿಯಲ್ಲಿ ಕುಸಿದು ಕೂತಳು.

ಮರುದಿನ ಬೆಳಿಗ್ಗೆ ನಾನೇ ಪಕ್ಕದಲ್ಲಿ ಕೂತು ಫೋನ್ ಮಾಡಿಸಿದೆ. ಜಿಪಿಯ ಫೋನಿನ ಕ್ಯೂ ಹೇಗಿರುತ್ತದೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಸರದಿ ಬರುವ ತನಕ ಫೋನಿನಲ್ಲಿ ಬರುವ ಸಂಗೀತ ಕೇಳುತ್ತಾ ಅತ್ತೆ ಎರಡು ಸಲ ಚಹಾ ಮಾಡಿದರು. ಡಾಕ್ಟರಮ್ಮ ಅಂದೇ ಬರಲು ಹೇಳಿದರು. ರಕ್ತಪರೀಕ್ಷೆ, ಆಮೇಲೆ ಆಸ್ಪತ್ರೆಯಲ್ಲಿ ಕ್ಯಾಮೆರಾ ಪರೀಕ್ಷೆ, ಆಮೇಲೆ ಸ್ಕ್ಯಾನು. ದೊಡ್ಡ ಕರುಳಿನಲ್ಲಿ ಗಡ್ಡೆ. ಕ್ಯಾನ್ಸರು. ಆ ಮಾತು ಕೇಳಿ ಬಂದ ದಿನ ಮಾರಿಯನ್ ನಮ್ಮ ಅಡುಗೆಮನೆಯಲ್ಲಿ ಕೂತು ಏನೂ ಮಾತಾಡಲಿಲ್ಲ. ಅತ್ತೆಯೂ ಏನೂ ಮಾತಾಡಲಿಲ್ಲ. ಅವರಿಬ್ಬರ ನಡುವೆ ಮೊದಲಿನಿಂದಲೂ ಮಾತು ಅಷ್ಟಾಗಿ ಇರಲಿಲ್ಲವಾದ್ದರಿಂದ ಆ ಮೌನ ನನ್ನೊಬ್ಬಳಿಗೇ ಭಾರವಾಗಿತ್ತು.

ನಿಜ ಹೇಳಬೇಕೆಂದರೆ ಆಗಲೂ ನನ್ನ ಗುಣ ಸುಮ್ಮನಿರಲಿಲ್ಲ. ತಾರೀಕು ಸರಿಯಾಗಿ ಕೊಟ್ಟರೇ, ಪರೀಕ್ಷೆಗೆ ಮೊದಲು ಹೊಟ್ಟೆ ಖಾಲಿ ಮಾಡಲು ಕೊಟ್ಟ ಪೌಡರನ್ನು ಸರಿಯಾದ ಹೊತ್ತಿಗೆ ಕುಡಿದಳೇ, ಯಾವ ಮಾತ್ರೆ ನಿಲ್ಲಿಸಲು ಹೇಳಿದರು ಎಂದು ನಾನು ಅವಳ ಬೆನ್ನು ಬಿದ್ದಿದ್ದೆ. ಮಾರಿಯನ್ ಮೊದಮೊದಲು ಸಿಡುಕಿದಳು, ಆಮೇಲೆ ತಾನೇ ಫೋನ್ ಮಾಡಿ, "ಇವತ್ತು ಯಾವುದರ ಮೇಲೆ ಅನುಮಾನ?" ಎಂದು ಕೇಳಲು ಶುರುಮಾಡಿದಳು.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಅತ್ತೆ ಫ್ಲಾಸ್ಕಿನಲ್ಲಿ ಗಂಜಿಯ ತಿಳಿ ಹಿಡಿದು ವಾರ್ಡಿಗೆ ಹೋದರು. ನರ್ಸ್ ಅದನ್ನು ನೋಡಿ ಒಳಗೇನಿದೆ ಎಂದು ಕೇಳಿದಳು. ನಾನು ಅಕ್ಕಿ, ನೀರು, ಉಪ್ಪು ಎಂದು ವಿವರಿಸಿದೆ. ಅವಳು ಮುಚ್ಚಳ ತೆಗೆದು ಮೂಸಿದಳು. ಆ ನರ್ಸಿನ ಮೇಲೆ ನನಗೆ ತಕ್ಷಣ ಗೌರವ ಹುಟ್ಟಿತು. ಮಾರಿಯನ್ ಎರಡು ಚಮಚ ಕುಡಿದು ಕಣ್ಣುಮುಚ್ಚಿದಳು. "ಸಾಕಂತೆ" ಎಂದೆ. "ಸಾಕು ಅಂತ ಅವಳು ಹೇಳ್ಲಿಲ್ಲ" ಎಂದು ಅತ್ತೆ ಮೂರನೆಯ ಚಮಚ ಹಿಡಿದುಕೊಂಡು ಕಾದರು. ಆ ಚಮಚ ಇಳಿಯಲಿಲ್ಲ. ಕ್ರಿಸ್‌ಮಸ್ ಕಳೆದು ಮನೆಗೆ ಬಂದ ಮೇಲೂ ಅವಳ ಊಟ ಹಕ್ಕಿಯ ಊಟವೇ. ಗಡ್ಡೆ ಹೋಗಿತ್ತು, ಆದರೆ ಅದು ಬೇರೆಲ್ಲಿಗಾದರೂ ಹರಡಿತ್ತೇ ಎಂಬ ಉತ್ತರ ಇನ್ನೂ ಬಂದಿರಲಿಲ್ಲ. ಉತ್ತರ ಗೊತ್ತಿಲ್ಲದ ಬಾಯಿಗೆ ಅನ್ನ ರುಚಿಸುವುದಾದರೂ ಹೇಗೆ?

ಜನವರಿ ಬಂತು. ಅತ್ತೆಯ ವೀಸಾ ಮುಗಿಯುತ್ತಿತ್ತು. ಸೂಟ್‌ಕೇಸನ್ನು ಬಚ್ಚಲಿನ ತೂಕದ ಮೆಷಿನ್ನಿನ ಮೇಲಿಟ್ಟು, ಅದು ಸರಿಯಾಗಿ ತೋರಿಸುತ್ತಿದೆಯೇ ಎಂಬ ಶಂಕೆಯಲ್ಲಿ ನಾನೇ ಒಮ್ಮೆ ಹತ್ತಿ ನಿಂತು ನೋಡುತ್ತಿದ್ದ ಬೆಳಿಗ್ಗೆ, ಹಿಂಬಾಗಿಲು ತಟ್ಟಿದ ಸದ್ದಾಯಿತು. ಮಾರಿಯನ್. ಉಣ್ಣೆಯ ಟೋಪಿ, ಕೆಂಪಾದ ಮೂಗು. ಆಸ್ಪತ್ರೆಯಿಂದ ನೇರ ಬಂದಿದ್ದಳು.

"ಹರಡಿಲ್ಲವಂತೆ," ಎಂದಳು ಬಾಗಿಲಲ್ಲೇ ನಿಂತು.

ನಂಬಲು ನನಗೆ ತುಂಬ ಆಸೆಯಿತ್ತು. ಆದರೆ ಬಾಯಿ ಕೇಳಬೇಕಲ್ಲ. "ಯಾರು ಹೇಳಿದ್ದು? ಸರ್ಜನ್ನೇ ಹೇಳಿದರಾ? ಪಕ್ಕದ ಗ್ರಂಥಿಗಳನ್ನೂ ನೋಡಿದರಂತಾ? ಕೀಮೋ ಬೇಡವಂತಾ? ಮುಂದಿನ ಸ್ಕ್ಯಾನ್ ಇದೆ ತಾನೇ?"

ಮಾರಿಯನ್ ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಸರ್ಜನ್ನೇ. ನೋಡಿದ್ದಾರೆ. ಬೇಡ. ಇದೆ. ನನಗೆ ಕೇಳಲು ಇನ್ನೇನೂ ಉಳಿಯಲಿಲ್ಲ. ಆದರೂ ಏನೋ ಉಳಿದಿರಬೇಕೆಂದು ಹುಡುಕುತ್ತಿದ್ದೆ. ಒಲೆಯ ಮುಂದೆ ನೀರ್‌ದೋಸೆ ಹೊಯ್ಯುತ್ತಿದ್ದ ಅತ್ತೆ ಸೌಟು ಹಿಡಿದುಕೊಂಡೇ ತಿರುಗಿದರು. ಅವರಿಗೆ ಯಾರೂ ಇನ್ನೂ ಏನನ್ನೂ ಅನುವಾದಿಸಿರಲಿಲ್ಲ.

"ಸಾಕು ಮಾರಾಯ್ತಿ ನಿನ್ನ ಪ್ರಶ್ನೆ. ಹಸಿವುಂಟಾ ಕೇಳು ಅವಳ ಹತ್ರ."

ಕೇಳಿದೆ.

ಮಾರಿಯನ್ ಟೋಪಿ ತೆಗೆದು ಕುರ್ಚಿ ಎಳೆದುಕೊಂಡಳು. "ಹೊಟ್ಟೆ ಹಸಿದು ಪ್ರಾಣ ಹೋಗುತ್ತಿದೆ," ಎಂದಳು.

ನಾನು ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಅತ್ತೆ ಕಾವಲಿಗೆ ಹಿಟ್ಟು ಹೊಯ್ದಾಗಿತ್ತು.